ಹೊಲದ ಮೂಲೆಗಳಲ್ಲಿ ಅಡಗಿದ ವೃತ್ತ

ಭೀಮಾ ನದಿ ದಂಡೆಯ ಅಗರಖೇಡ. ಇಲ್ಲೊಂದು ಚೌಕಾಕಾರದ ಜೋಳದ ಹೊಲ ಇದೆ ಅಂದ್ಕೊಳ್ಳಿ, ಬದಿ 100 ಮೀಟರ್. ಒಡ್ಡಿನಿಂದ ಎಲ್ಲ ದಿಕ್ಕಿಗೂ 10 ಮೀಟರ್ ಹಿಗ್ಗಿಸೋಣ. ಬದಿಗಳಲ್ಲಿ ನಾಲ್ಕು ಪಟ್ಟಿ, 4,000 ಚದರ ಮೀಟರ್. ಮೂಲೆಗಳಲ್ಲಿ ನಾಲ್ಕು ದುಂಡನೆಯ ತುಣುಕು. ಅವನ್ನು ಜೋಡಿಸಿ ನೋಡಿ, ಸರಿಯಾಗಿ ಒಂದು ಪೂರ್ಣ ವೃತ್ತ! ಸುಮಾರು 314 ಚದರ ಮೀಟರ್. ಹೊಲ ತ್ರಿಕೋನವಾಗಿದ್ದರೂ ಅಷ್ಟೇ. ನನಗೆ ತುಂಬ ಹಿಡಿಸಿದ್ದು ಇದೇ. ಒಳಕ್ಕೆ ಸರಿದ ಮೂಲೆ ಮಾತ್ರ ಇರಬಾರದು. ಸ್ವಿಸ್ ಗಣಿತಜ್ಞ ಯಾಕೋಬ್ ಸ್ಟೈನರ್ 1840ರಲ್ಲಿ ಕೊಟ್ಟ ಸೂತ್ರವಿದು: ಮೊದಲಿನ ವಿಸ್ತೀರ್ಣ, ಸುತ್ತಳತೆಯನ್ನು ಹಿಗ್ಗಿಸಿದ ದೂರದಿಂದ ಗುಣಿಸಿದ್ದು, ಜೊತೆಗೆ ಆ ದೂರವೇ ತ್ರಿಜ್ಯವಾದ ವೃತ್ತ. ಈಗ 10 ಕಿಲೋಮೀಟರ್ ಹಿಗ್ಗಿಸಿ. ಒಟ್ಟು ವಿಸ್ತೀರ್ಣದಲ್ಲಿ ಶೇ. 98ಕ್ಕೂ ಹೆಚ್ಚು ಆ ವೃತ್ತದ್ದೇ. ನಮ್ಮ ಚೌಕ ಹೊಲ ನಡುವೆ ಒಂದು ಚುಕ್ಕೆ.