ಅಲೆಯೇರುವ ಮುನ್ನ ತೀರವನ್ನು ಅರಿಯಬೇಕು

ಕೆರೆಬಿಳಚಿಯ ಸುತ್ತಮುತ್ತ ಹುಟ್ಟಿ ಬೆಳೆದವರಿಗೆ ಜಲರಾಶಿಯೆಂದರೆ ಮೊದಲು ನೆನಪಾಗುವುದು ಸೂಳೆಕೆರೆ. ಆಷಾಢದ ಗಾಳಿಗೆ ಅದರ ನೀರು ಏರಿಯ ಕಲ್ಲುಗಳಿಗೆ ಅಪ್ಪಳಿಸುವುದನ್ನು ಕಂಡವರು ಅಲೆಯೆಂದರೆ ಇದೇ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ಅಲೆಯ ಮೇಲೆ ಹಲಗೆಯಿಟ್ಟು ನಿಲ್ಲುವುದು ಸಾಧ್ಯವಿಲ್ಲ. ಗಾಳಿಯು ಅಡೆತಡೆಯಿಲ್ಲದೆ ನೀರಿನ ಮೇಲೆ ಎಷ್ಟು ದೂರ, ಎಷ್ಟು ಹೊತ್ತು ಬೀಸುವುದೋ ಅದಕ್ಕೆ ತಕ್ಕಂತೆ ಅಲೆ ಬಲಿಯುತ್ತದೆ. ಕೆರೆಯಲ್ಲಿ ಆ ದೂರ ಕೆಲವೇ ಮೈಲಿ, ಕಡಲಿನಲ್ಲಾದರೋ ಸಾವಿರಾರು ಮೈಲಿ. ದಕ್ಷಿಣ ಹಿಂದೂ ಮಹಾಸಾಗರದಲ್ಲೆಲ್ಲೋ ಎದ್ದ ಬಿರುಗಾಳಿಯ ಶಕ್ತಿಯು ದಿನಗಟ್ಟಲೆ ಪಯಣಿಸಿ, ನೀಳವೂ ಕ್ರಮಬದ್ಧವೂ ಆದ ತೆರೆಗಳಾಗಿ ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಸರ್ಫಿಂಗ್ ಎಂಬ ಕ್ರೀಡೆಗೆ ಈ ತೆರೆಯೇ ಆಧಾರ.

ಕರ್ನಾಟಕದಲ್ಲಿ ಈ ಕ್ರೀಡೆಯ ತವರು ಮೂಲ್ಕಿ. ಶಾಂಭವಿ ನದಿಯ ದಂಡೆಯಲ್ಲಿ ಆಶ್ರಮ ಹೂಡಿದ್ದ ಅಮೆರಿಕದ ಜ್ಯಾಕ್ ಹೆಬ್ನರ್ ಮತ್ತು ಅವರ ಸಂಗಡಿಗರು 2004ರಲ್ಲಿ ಇಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಆರಂಭಿಸಿದರು. ಊರಿನ ಹುಡುಗರು ಹಲಗೆ ಹಿಡಿದರು. 2016ರ ಮೇ ತಿಂಗಳಲ್ಲಿ ಸಮೀಪದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಇದನ್ನೆಲ್ಲ ಕೇಳಿ ನಮ್ಮ ಬಯಲುಸೀಮೆಯ ತರುಣರೂ ಶಿವಮೊಗ್ಗ, ಆಗುಂಬೆಯ ಮಾರ್ಗವಾಗಿ ಘಟ್ಟವಿಳಿದು ಕಡಲಿಗೆ ಹೋಗುತ್ತಿರುವುದು ಸಂತೋಷದ ಸಂಗತಿ. ಆದರೆ ಅವರಲ್ಲಿ ಬಹುಮಂದಿ ತೀರವನ್ನು ಅದರ ಚೆಲುವಿನಿಂದಲೇ ಆರಿಸಿಕೊಳ್ಳುವರು. ಆರಿಸಬೇಕಾದದ್ದು ನೀರಿನ ಅಡಿಯ ನೆಲವನ್ನು ನೋಡಿ.

ಅಲೆಯು ತನ್ನ ಎತ್ತರಕ್ಕಿಂತ ತುಸು ಹೆಚ್ಚಿನ ಆಳಕ್ಕೆ ಬಂದೊಡನೆ ಮುರಿಯುತ್ತದೆ. ಮೂರಡಿಯ ತೆರೆ ಸುಮಾರು ನಾಲ್ಕಡಿ ನೀರಿನಲ್ಲಿ ಒಡೆಯುವುದು. ನೆಲವು ಮೆಲ್ಲಮೆಲ್ಲನೆ ಇಳಿಜಾರಾಗಿದ್ದರೆ ಅದು ನೊರೆಯಾಗಿ ಮೃದುವಾಗಿ ಉರುಳಿ ಬರುತ್ತದೆ. ದಡವು ಕಡಿದಾಗಿದ್ದರೆ ಒಮ್ಮೆಲೇ ಕವಿದು ಮರಳಿಗೆ ಬಡಿಯುತ್ತದೆ. ಒಂದು ಪಕ್ಕದಲ್ಲಿ ಸೌಪರ್ಣಿಕೆ, ಇನ್ನೊಂದು ಪಕ್ಕದಲ್ಲಿ ಕಡಲು, ನಡುವೆ ಹೆದ್ದಾರಿ ಎಂಬ ಮರವಂತೆಯ ದೃಶ್ಯ ಅನುಪಮವಾದದ್ದು. ಆದರೆ ಕೊರೆತವನ್ನು ತಡೆಯಲು ದಡದುದ್ದಕ್ಕೂ ಸುರಿದಿರುವ ಬಂಡೆಗಳನ್ನು ಕಂಡ ಮೇಲೆ ಅಲ್ಲಿ ಹೊಸಬನು ಹಲಗೆಯೊಡನೆ ನೀರಿಗಿಳಿಯಬಾರದೆಂದೇ ನನ್ನ ಖಂಡಿತ ಅಭಿಪ್ರಾಯ. ಗೋಕರ್ಣದ ಓಂ ತೀರದಲ್ಲಿಯೂ ಎರಡು ಬಾಗುಗಳು ಕೂಡುವೆಡೆ ಬಂಡೆಗಳಿವೆ; ಅದೇ ಊರಿನ ದೇವಾಲಯದ ಮುಂದಣ ಉದ್ದನೆಯ ಮರಳ ತೀರವು ಕಲಿಯುವವನಿಗೆ ಅದಕ್ಕಿಂತ ಎಷ್ಟೋ ಲೇಸು.

ಕಲಿಯುವವನು ಸೊಂಟದುದ್ದದ ನೀರಿನಲ್ಲಿ, ಆಗಲೇ ಮುರಿದು ಬಂದ ನೊರೆಯ ಅಲೆಯ ಮೇಲೆ, ಉದ್ದವಾದ ಮೆತ್ತನೆಯ ಹಲಗೆಯಿಂದ ಅಭ್ಯಾಸ ಮಾಡಬೇಕು. ಹೊತ್ತು ಬೆಳಗಿನದಾಗಿದ್ದರೆ ಉತ್ತಮ. ಆಗ ನೆಲದಿಂದ ಕಡಲಿನತ್ತ ಬೀಸುವ ತೆಳುಗಾಳಿಗೆ ಅಲೆಯ ಮೈ ನುಣುಪಾಗಿರುತ್ತದೆ, ಮಧ್ಯಾಹ್ನದ ಕಡಲಗಾಳಿ ಅದನ್ನು ಕದಡಿಬಿಡುತ್ತದೆ. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಸೌಮ್ಯ ಕಾಲವೇ ಇವನದು.

ನಿಲ್ಲಲು ಕಲಿತವನಿಗೆ ಇನ್ನೂ ಒಡೆಯದ ತೆರೆ ಬೇಕು. ಅದೂ ಒಂದೇ ಸಲ ಉದ್ದಕ್ಕೂ ಕುಸಿಯದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಮುರಿಯುತ್ತ ಹೋಗುವಂಥದು. ಅಂಥದನ್ನು ಅಳಿವೆಯ ಮರಳದಿಬ್ಬಗಳು ಒದಗಿಸುತ್ತವೆ. ಶಾಂಭವಿಯೂ ನಂದಿನಿಯೂ ಕಡಲು ಸೇರುವ ಸಸಿಹಿತ್ಲುವಿನ ಹೆಚ್ಚುಗಾರಿಕೆ ಇದೇ. ಆದರೆ ಇಳಿತದ ವೇಳೆ ನದಿಯ ನೀರು ಕಡಲಿನತ್ತ ರಭಸದಿಂದ ನುಗ್ಗುವುದರಿಂದ ಅಳಿವೆಯು ಹೊಸಬನಿಗೆ ಸಲ್ಲದು. ಪ್ರತಿ ಮಳೆಗಾಲವೂ ದಿಬ್ಬಗಳನ್ನು ಸ್ಥಳಾಂತರಿಸುವುದರಿಂದ, ಹೋದ ವರ್ಷ ಕಂಡ ಜಾಗವನ್ನು ಈ ವರ್ಷ ಕಣ್ಣು ಮುಚ್ಚಿ ನಂಬಲೂ ಆಗದು. ಮೇ ತಿಂಗಳ ಕೊನೆಗೆ ಏಳುವ ಎತ್ತರದ ತೆರೆಗಳು ನುರಿತವರ ಪಾಲು. ಯಾಂತ್ರಿಕ ದೋಣಿಗಳು ಬಂದರು ಬಿಟ್ಟು ಕದಲದ ಜೂನ್, ಜುಲೈ ತಿಂಗಳುಗಳಲ್ಲಿ ಇತರರು ದಡದಲ್ಲಿಯೇ ನಿಂತು ನೋಡುವುದು ವಿವೇಕ.

ಎಲ್ಲ ತೀರಗಳಲ್ಲಿಯೂ ಅರಿತಿರಬೇಕಾದ ಅಪಾಯವೊಂದಿದೆ. ದಡಕ್ಕೆ ನುಗ್ಗಿದ ನೀರು ಎಲ್ಲೋ ಒಂದು ಕಿರಿದಾದ ಓಣಿಯಲ್ಲಿ ಹಿಂದಕ್ಕೆ ಹರಿದು ಹೋಗಬೇಕಷ್ಟೆ. ಎರಡೂ ಪಕ್ಕ ನೊರೆಯಿದ್ದು ನಡುವೆ ಮಾತ್ರ ಅಲೆ ಮುರಿಯದೆ, ನೀರು ಕಪ್ಪಾಗಿಯೋ ಮರಳಿನಿಂದ ಬಗ್ಗಡವಾಗಿಯೋ ಕಾಣುವ ಜಾಗವೇ ಆ ಓಣಿ. ಅರಿಯದವನಿಗೆ ಅದು ಪ್ರಶಾಂತವಾಗಿ ತೋರುವುದೇ ಅದರ ಘೋರತೆ. ಸಿಕ್ಕಿಬಿದ್ದವನು ದಡದತ್ತ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸಾಗಬೇಕು, ಹಲಗೆಯನ್ನು ಬಿಡಬಾರದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದ ವಾರ್ತೆಯನ್ನು ಓದಿದ ಯಾವ ತಂದೆತಾಯಿಯೂ ಅದನ್ನು ಮರೆತಿರಲಾರರು.

ಭದ್ರಾ ನಾಲೆಯಲ್ಲಿಯೂ ಬಾವಿಯಲ್ಲಿಯೂ ಈಜು ಕಲಿತ ನಮ್ಮ ಮಕ್ಕಳ ಧೈರ್ಯವನ್ನು ನಾನು ಗೌರವಿಸುತ್ತೇನೆ. ಆದರೆ ಆ ಈಜು ಕಡಲಿಗೆ ಸಾಲದು. ಆದುದರಿಂದ ಹೋಗುವವರು ಮೂಲ್ಕಿಯಂಥ ಕಡೆ ಶಿಕ್ಷಕರ ಬಳಿಗೇ ಹೋಗಲಿ. ನೀರಿಗಿಳಿಯುವ ಮುನ್ನ ಅರ್ಧ ಗಂಟೆ ದಡದಲ್ಲಿ ಕುಳಿತು ಅಲೆ ಎಲ್ಲಿ ಮುರಿಯುತ್ತದೆ, ಎಲ್ಲಿ ಮುರಿಯದು ಎಂಬುದನ್ನು ನೋಡಲಿ. ಬಲೆ ಸರಿಮಾಡುತ್ತ ಕುಳಿತ ಮೊಗವೀರ ಹಿರಿಯರನ್ನು ವಿಚಾರಿಸಲಿ, ಅವರು ಇಂದು ಬೇಡವೆಂದರೆ ಹಿಂದಿರುಗಲಿ.