ಕಿವಿಯ ಮುಂದಿನ ಕೀಲು

ಕಿವಿಯ ತೂತಿನಿಂದ ಒಂದು ಬೆರಳಗಲ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ, ಚರ್ಮದಡಿ ಗಟ್ಟಿಯಾದದ್ದೇನೋ ಮುಂದಕ್ಕೆ ಜಾರಿ ಮತ್ತೆ ಹಿಂದಕ್ಕೆ ಬರುವುದು ಗೊತ್ತಾಗುತ್ತದೆ. ಕೆಳದವಡೆ ಮೂಳೆಯ ಮೇಲ್ತುದಿಯಲ್ಲಿರುವ ಗುಂಡುತಲೆ ಅದು. ತಲೆಬುರುಡೆಯಲ್ಲಿ ಅದು ಕೂರಲು ಒಂದು ತಗ್ಗು ಇದೆ, ತಗ್ಗಿನ ಮುಂದೆ ಒಂದು ದಿಬ್ಬ. ಮೂಳೆಗೆ ಮೂಳೆ ನೇರವಾಗಿ ತಾಗದಂತೆ ನಡುವೆ ನಾರಿನಂಥ ಮೃದ್ವಸ್ಥಿಯ ಪುಟ್ಟ ಡಿಸ್ಕ್ ಇದೆ. ಅಂಚಿನಲ್ಲಿ ದಪ್ಪ, ಮಧ್ಯದಲ್ಲಿ ತೆಳು. ಇಷ್ಟೂ ಸೇರಿದ್ದು ದವಡೆ ಕೀಲು, ದಂತವೈದ್ಯರ ಬಾಯಲ್ಲಿ ಟಿಎಂಜೆ. ಮಾತು, ಊಟ, ಆಕಳಿಕೆ, ಉಗುಳು ನುಂಗುವುದು ಎಲ್ಲಕ್ಕೂ ಇದೇ ಬೇಕಾದ್ದರಿಂದ ದೇಹದಲ್ಲಿ ಇಷ್ಟು ದುಡಿಯುವ ಕೀಲುಗಳು ಕಡಿಮೆ.

ಡಿಸ್ಕು ಕೀಲನ್ನು ಮೇಲಿನ ಕೋಣೆ, ಕೆಳಗಿನ ಕೋಣೆ ಎಂದು ಎರಡು ಭಾಗ ಮಾಡುತ್ತದೆ. ಬಾಯಿ ತೆರೆಯಲು ಶುರುವಾದಾಗ ಗುಂಡುತಲೆ ಡಿಸ್ಕಿನ ಕೆಳಗೆ ನಿಂತಲ್ಲೇ ತಿರುಗುತ್ತದೆ. ಎರಡು ಸೆಂಟಿಮೀಟರಿನಷ್ಟು ತೆರೆದ ಮೇಲೆ ಡಿಸ್ಕನ್ನೂ ಜೊತೆಗೆ ಒಯ್ಯುತ್ತ ದಿಬ್ಬದ ಇಳಿಜಾರಿನಲ್ಲಿ ಮುಂದಕ್ಕೆ ಜಾರುತ್ತದೆ. ಬಾಗಿಲ ಕೀಲು ಮತ್ತು ಮೇಜಿನ ಡ್ರಾಯರು ಎರಡರ ಕೆಲಸವನ್ನೂ ಒಂದೇ ಕೀಲು ಮಾಡಿದಂತೆ. ಅದೂ ಒಂಟಿಯಾಗಿ ಅಲ್ಲ: ಎಡಬಲದ ಎರಡು ಕೀಲುಗಳು ಒಂದೇ ಮೂಳೆಗೆ ಜೋಡಣೆಯಾಗಿರುವುದರಿಂದ ಒಂದು ತೊಡಕಿದರೆ ಇನ್ನೊಂದರ ಚಲನೆಯೂ ಕೆಡುತ್ತದೆ. ಇವನ್ನು ಆಡಿಸುವ ಸ್ನಾಯುಗಳಲ್ಲಿ ಮುಖ್ಯವಾದವು ಕೆನ್ನೆಯ ಮ್ಯಾಸೆಟರ್, ಕಣತಲೆಯ ಮೇಲೆ ಹರಡಿದ ಟೆಂಪೊರಾಲಿಸ್, ದವಡೆಯ ಒಳಬದಿಯ ಎರಡು ಟೆರಿಗಾಯ್ಡ್‌ಗಳು. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಬದಿಯಲ್ಲಿ ಉಬ್ಬುವುದೇ ಮ್ಯಾಸೆಟರ್.

ಸಸ್ತನಿಗಳ ಈ ಕೀಲು ವಿಕಾಸದ ಲೆಕ್ಕದಲ್ಲಿ ಹೊಸದು. ಸರೀಸೃಪಗಳಲ್ಲಿ ದವಡೆ ಕೀಲಾಗಿರುವ ಎರಡು ಮೂಳೆಗಳು ನಮ್ಮಲ್ಲಿ ಕಿರಿದಾಗಿ ನಡುಗಿವಿಯೊಳಗೆ ಸೇರಿ ಶಬ್ದ ಸಾಗಿಸುವ ಮೂಳೆಗಳಾಗಿವೆ. ಜರ್ಮನಿಯ ಅಂಗರಚನಾ ತಜ್ಞ ಕಾರ್ಲ್ ರೈಖರ್ಟ್ 1837ರಲ್ಲಿ ಭ್ರೂಣಗಳ ಅಧ್ಯಯನದಿಂದ ಈ ನಂಟನ್ನು ತೋರಿಸಿದ. ನಂಟು ಇನ್ನೂ ಪೂರ್ತಿ ಕಳಚಿಲ್ಲ. ಕಿವಿತಮಟೆಯನ್ನು ಬಿಗಿಯುವ ಸಣ್ಣ ಸ್ನಾಯುವಿಗೂ ಅಗಿಯುವ ದೊಡ್ಡ ಸ್ನಾಯುಗಳಿಗೂ ಆಜ್ಞೆ ಬರುವುದು ತ್ರಿಶಾಖಾ ನರದ ಮೂರನೆಯ ಕವಲಿನಿಂದಲೇ. ಅದೇ ಕವಲಿನ ಒಂದು ಎಳೆ ದವಡೆ ಕೀಲು, ಕಿವಿಯ ಮುಂಭಾಗ, ಕಣತಲೆ ಮೂರರ ಸಂವೇದನೆಯನ್ನೂ ಮಿದುಳಿಗೆ ಒಯ್ಯುತ್ತದೆ. ಹಾಗಾಗಿ ಕೀಲು ನೊಂದಾಗ ಕಿವಿ ನೋಯುತ್ತಿದೆ ಎಂದು ಅನಿಸುವುದು ಮಾಮೂಲು. ಕಿವಿಯೊಳಗೆ ಇಣುಕಿದ ವೈದ್ಯರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ನೋವು ಮಾತ್ರ ಹೋಗಿರುವುದಿಲ್ಲ.

ಈ ಕಾಯಿಲೆಯ ಚರಿತ್ರೆಯೂ ಶುರುವಾದದ್ದು ಕಿವಿಯಿಂದಲೇ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್, ದವಡೆಹಲ್ಲು ಕಳೆದುಕೊಂಡ ತನ್ನ ರೋಗಿಗಳಲ್ಲಿ ಕಿವಿನೋವು, ಕಿವಿಯೊಳಗೆ ಗುಂಯ್‌ಗುಡುವಿಕೆ, ತಲೆಸುತ್ತು ಕಂಡದ್ದನ್ನು ಬರೆದ. ಹಲ್ಲಿಲ್ಲದ್ದರಿಂದ ದವಡೆ ಅತಿಯಾಗಿ ಮುಚ್ಚಿಕೊಂಡು ಗುಂಡುತಲೆ ಹಿಂದೆ ಸರಿದು ನರಗಳನ್ನು ಒತ್ತುತ್ತದೆ ಎಂಬುದು ಅವನ ವಿವರಣೆ. ಲಕ್ಷಣಗಳನ್ನು ಅವನು ಗುರುತಿಸಿದ್ದು ಸರಿ. ಒತ್ತುವ ಕಥೆ ಮಾತ್ರ ಅಂಗರಚನಾ ತಜ್ಞರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದರೂ ಹಲ್ಲಿನ ಜೋಡಣೆಯೇ ಮೂಲ ಎಂಬ ನಂಬಿಕೆ ಬಹುಕಾಲ ಉಳಿಯಿತು. ಅದರ ಹೆಸರಿನಲ್ಲಿ ಎಷ್ಟೋ ಗಟ್ಟಿ ಹಲ್ಲುಗಳನ್ನು ಉಜ್ಜಿ ಸಮ ಮಾಡಲಾಯಿತು. 1969ರಲ್ಲಿ ಡೇನಿಯಲ್ ಲಾಸ್ಕಿನ್ ಗಮನವನ್ನು ಸ್ನಾಯುಗಳ ಕಡೆಗೆ ತಿರುಗಿಸಿದ. ಪರೀಕ್ಷೆಗೆ ಎಲ್ಲರೂ ಒಪ್ಪುವ ಕ್ರಮ ಬಂದದ್ದು ಇನ್ನೂ ತಡವಾಗಿ: ಸಂಶೋಧಕರಿಗಾಗಿ 1992ರಲ್ಲಿ, ಚಿಕಿತ್ಸಾಲಯಕ್ಕೂ ಒಗ್ಗುವಂತೆ ತಿದ್ದಿದ ರೂಪ 2014ರಲ್ಲಿ.

ಆ ಕ್ರಮದಲ್ಲಿ ಮೊದಲ ಸ್ಥಾನ ಯಂತ್ರಕ್ಕಲ್ಲ, ಪ್ರಶ್ನೆಗೆ. ಸ್ವೀಡನ್ನಿನಲ್ಲಿ ಬಳಕೆಗೆ ತಂದ ಮೂರು ಪ್ರಶ್ನೆಗಳು ಆರಂಭಕ್ಕೆ ಸಾಕು: ಕಣತಲೆ, ಮುಖ, ದವಡೆಯಲ್ಲಿ ವಾರಕ್ಕೊಮ್ಮೆಯಾದರೂ ನೋವು ಬರುತ್ತದೆಯೇ? ಬಾಯಿ ತೆರೆದಾಗ ಅಥವಾ ಅಗಿದಾಗ ವಾರಕ್ಕೊಮ್ಮೆಯಾದರೂ ನೋಯುತ್ತದೆಯೇ? ವಾರಕ್ಕೊಮ್ಮೆಯಾದರೂ ದವಡೆ ಸಿಕ್ಕಿಕೊಳ್ಳುತ್ತದೆಯೇ? ಒಂದಕ್ಕೆ ಹೌದೆಂದರೂ ಪೂರ್ತಿ ಪರೀಕ್ಷೆ ಬೇಕು. ನೋವು ದವಡೆಯ ಚಲನೆಯಿಂದ ಏರಿಳಿಯುತ್ತದೆಯೇ ಎಂಬುದು ಅಲ್ಲಿ ಕೇಳುವ ಮುಖ್ಯ ಮಾತು. ಚಕ್ಕುಲಿ ಅಗಿದರೂ ಗಂಜಿ ಕುಡಿದರೂ ಒಂದೇ ಸಮ ಇರುವ ನೋವು ಬಹುಶಃ ಈ ಕೀಲಿನದ್ದಲ್ಲ. ಬೆಳಿಗ್ಗೆ ಏಳುವಾಗಲೇ ದವಡೆ ಬಿಗಿದಿದ್ದರೆ ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅನುಮಾನ. ಸಂಜೆಯ ಹೊತ್ತಿಗೆ ಹೆಚ್ಚಾದರೆ ಹಗಲಿಡೀ ಅರಿವಿಲ್ಲದೆ ಹಲ್ಲು ಕಚ್ಚಿರುವ ಅನುಮಾನ. ಸುಮ್ಮನಿರುವಾಗ ತುಟಿ ಕೂಡಿದ್ದರೂ ಮೇಲುಹಲ್ಲು ಕೆಳಹಲ್ಲಿನ ನಡುವೆ ಎರಡರಿಂದ ನಾಲ್ಕು ಮಿಲಿಮೀಟರ್ ಸಂದು ಇರಬೇಕು ಎಂಬುದು ಬಹಳ ಮಂದಿಗೆ ತಿಳಿಯದ ಸಂಗತಿ.

ಮುಂದಿನದು ಅಳತೆ. ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ಅಂಚಿನ ನಡುವಿನ ದೂರವನ್ನು ಅಳತೆಪಟ್ಟಿ ಇಟ್ಟು ನೋಡುತ್ತಾರೆ. ವಯಸ್ಕರಲ್ಲಿ 40ರಿಂದ 55 ಮಿಲಿಮೀಟರ್ ಸಾಮಾನ್ಯ. ಪಟ್ಟಿ ಇಲ್ಲದಿದ್ದರೆ ಅವರವರ ಮೂರು ಬೆರಳನ್ನು ಜೋಡಿಸಿ ಬಾಯೊಳಗೆ ನಿಲ್ಲಿಸಿದರೂ ಅಂದಾಜು ಸಿಗುತ್ತದೆ. ತೆರೆಯುವಾಗ ಗಲ್ಲ ನೇರ ಇಳಿಯುತ್ತದೆಯೋ ಓರೆಯಾಗುತ್ತದೆಯೋ ಎಂಬುದನ್ನೂ ಗಮನಿಸುತ್ತಾರೆ. ಒಂದು ಪಕ್ಕಕ್ಕೆ ವಾಲಿ ಅಲ್ಲೇ ಉಳಿದರೆ ಆ ಪಕ್ಕದ ಕೀಲು ಜಾರದೆ ನಿಂತಿದೆ ಎಂದರ್ಥ. ವಾಲಿ ಮತ್ತೆ ನಡುವಿಗೆ ಬಂದರೆ ಡಿಸ್ಕು ದಾರಿಯಲ್ಲಿ ತೊಡಕಿ ಸರಿಹೋಗಿರುವ ಸಂಭವ ಹೆಚ್ಚು. ಬಾಯಿ ನಿಂತ ಮೇಲೆ ವೈದ್ಯರು ಬೆರಳಿನಿಂದ ಮೆಲ್ಲಗೆ ಇನ್ನಷ್ಟು ತೆರೆಸಿ ನೋಡುವುದೂ ಉಂಟು. ಸ್ನಾಯು ಬಿಗಿದಿದ್ದರೆ ನೋವಿನೊಂದಿಗೆ ಕೆಲವು ಮಿಲಿಮೀಟರ್ ಒದಗಿ ಬರುತ್ತದೆ. ಡಿಸ್ಕು ಅಡ್ಡವಿದ್ದರೆ ಬಾಯಿ ಅಲ್ಲಿಗೇ ಗಟ್ಟಿಯಾಗಿ ನಿಲ್ಲುತ್ತದೆ.

ಜನರನ್ನು ಹೆಚ್ಚು ಹೆದರಿಸುವುದು ಸದ್ದು. ಡಿಸ್ಕು ತನ್ನ ಜಾಗದಿಂದ ಸ್ವಲ್ಪ ಮುಂದೆ ಸರಿದಿದ್ದರೆ, ಬಾಯಿ ತೆರೆಯುವಾಗ ಗುಂಡುತಲೆ ಅದರ ದಪ್ಪ ಅಂಚನ್ನು ದಾಟಿ ಒಳಗೆ ಕೂರುತ್ತದೆ: ಟಕ್. ಮುಚ್ಚುವಾಗ ಮತ್ತೆ ಜಾರಿ ಹೊರಬರುತ್ತದೆ: ಇನ್ನೊಂದು ಟಕ್, ಸಾಮಾನ್ಯವಾಗಿ ಮೊದಲಿನದಕ್ಕಿಂತ ಮೆಲ್ಲಗೆ. ನೋವಿಲ್ಲದ ಈ ಟಕ್ ಆರೋಗ್ಯವಂತರಲ್ಲೂ ಧಾರಾಳವಾಗಿ ಇದೆ. ಅದಕ್ಕೆ ಚಿಕಿತ್ಸೆಯೇ ಬೇಡ. ಕಿವಿ ಕೊಡಬೇಕಾದ್ದು ಸದ್ದು ಏಕಾಏಕಿ ನಿಂತಾಗ. ವರ್ಷಗಟ್ಟಲೆ ಟಕ್ಕೆನ್ನುತ್ತಿದ್ದ ದವಡೆ ಒಂದು ಬೆಳಿಗ್ಗೆ ಮೌನವಾಗಿ, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಿದ್ದರೆ, ಡಿಸ್ಕು ಮುಂದೆಯೇ ಉಳಿದು ದಾರಿ ಕಟ್ಟಿದೆ. ಮರಳು ತುಳಿದಂಥ ಕರಕರ ಸದ್ದು ಬೇರೆ ಜಾತಿಯದು. ಅದು ಕೀಲಿನ ಮೇಲ್ಮೈ ಸವೆದಿರುವುದರ ಗುರುತು.

ಕೊನೆಗೆ ಬೆರಳೊತ್ತಿ ನೋಡುವುದು. ಕೆನ್ನೆ ಮತ್ತು ಕಣತಲೆಯ ಸ್ನಾಯುಗಳ ಮೇಲೆ ಸುಮಾರು ಒಂದು ಕಿಲೋ ಭಾರದಷ್ಟು, ಕೀಲಿನ ಹೊರತುದಿಯ ಮೇಲೆ ಅದರ ಅರ್ಧದಷ್ಟು ಒತ್ತಡ. ಒತ್ತಿದರೆ ಯಾರಿಗಾದರೂ ಅಷ್ಟಿಷ್ಟು ನೋಯುತ್ತದೆ. ಆದ್ದರಿಂದ ಕೇಳುವುದು ನೋಯಿತೇ ಎಂದಲ್ಲ, ನೀವು ಹೇಳುತ್ತಿದ್ದ ಆ ನೋವು ಇದೇನಾ ಎಂದು. 2014ರ ಕ್ರಮದ ಜೀವ ಇರುವುದು ಈ ಸಣ್ಣ ಪ್ರಶ್ನೆಯಲ್ಲಿ. ಐದು ಸೆಕೆಂಡು ಒತ್ತಿ ಹಿಡಿದರೆ ಇನ್ನೊಂದು ವಿಚಿತ್ರವೂ ಬಯಲಾಗುತ್ತದೆ: ಮ್ಯಾಸೆಟರಿನ ಮೇಲೆ ಬೆರಳು, ನೋವು ಕೆಳಗಿನ ದವಡೆಹಲ್ಲಿನಲ್ಲಿ, ಟೆಂಪೊರಾಲಿಸಿನ ಮೇಲೆ ಬೆರಳು, ನೋವು ಮೇಲಿನ ಹಲ್ಲಿನಲ್ಲಿ. ಇದನ್ನು ನೋಡದೆ ಗಟ್ಟಿ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡು, ನೋವು ಹೋಗದೆ ಪಕ್ಕದ ಹಲ್ಲಿಗೂ ಮಾಡಿಸಿಕೊಂಡವರಿದ್ದಾರೆ. ಅನುಮಾನವಿದ್ದಲ್ಲಿ ಹಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನೋಡಬಹುದು. ಹಲ್ಲು ಮರಗಟ್ಟಿದ ಮೇಲೂ ನೋವು ಹಾಗೇ ಇದ್ದರೆ ಅದರ ಮೂಲ ಬೇರೆ ಕಡೆ ಇದೆ.

ಚಿತ್ರ ತೆಗೆಸುವುದು ಇದೆಲ್ಲ ಆದ ಮೇಲೆ, ಅದೂ ಅಗತ್ಯವಿದ್ದರೆ. ದಂತವೈದ್ಯರ ಒಪಿಜಿ ಎಕ್ಸ್‌ರೇಯಲ್ಲಿ ಮುರಿತ, ಗೆಡ್ಡೆ, ಹಲ್ಲಿನ ಬೇರಿನ ಸೋಂಕು ಕಾಣಬಹುದು. ಮೂಳೆಯ ವಿವರಕ್ಕೆ ಸಿಟಿ, ಡಿಸ್ಕಿಗೆ ಎಂಆರ್‌ಐ. ಆದರೆ ಏನೂ ತೊಂದರೆಯಿಲ್ಲದವರ ಎಂಆರ್‌ಐಯಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಡಿಸ್ಕು ಸರಿದಿರುವುದು ಕಾಣುತ್ತದೆ. ಹಾಗಾಗಿ ಬರೀ ವರದಿ ನೋಡಿ ರೋಗ ಹೇಳುವುದು ಸರಿಯಲ್ಲ.

ದವಡೆ ಕೀಲಿನ ವೇಷದಲ್ಲಿ ಬರುವ ಬೇರೆ ಕಾಯಿಲೆಗಳನ್ನು ಬೇರ್ಪಡಿಸುವುದು ಪರೀಕ್ಷೆಯ ಅತಿ ಹೊಣೆಗಾರಿಕೆಯ ಭಾಗ. ಮುಖ ತೊಳೆಯುವಾಗ, ಹಲ್ಲುಜ್ಜುವಾಗ ಶಾಕ್ ಹೊಡೆದಂತೆ ಬಂದು ಕೆಲವೇ ಸೆಕೆಂಡಿನಲ್ಲಿ ಹೋಗುವ ನೋವು ತ್ರಿಶಾಖಾ ನರಶೂಲೆಯದು. ಅದರ ಔಷಧವೇ ಬೇರೆ. ಮೆಟ್ಟಿಲು ಹತ್ತಿದಾಗ ಬಂದು ಕೂತಾಗ ಹೋಗುವ ದವಡೆನೋವು ಹೃದಯದ್ದಾಗಿರಬಹುದು. ಗಾಯದ ನಂತರದ ದಿನಗಳಲ್ಲಿ ದವಡೆ ಬಿಗಿದರೆ ಧನುರ್ವಾಯುವನ್ನು ನೆನೆಯಬೇಕು. ಐವತ್ತು ದಾಟಿದವರಲ್ಲಿ ಅಗಿಯುತ್ತ ಅಗಿಯುತ್ತ ದವಡೆ ಸೋತು ನೋಯತೊಡಗಿ, ನಿಲ್ಲಿಸಿದಾಗ ಇಳಿದರೆ, ಜೊತೆಗೆ ಹೊಸದಾಗಿ ಕಣತಲೆ ನೋವು ಇದ್ದರೆ, ಅದು ಅಪಧಮನಿಯ ಉರಿಯೂತವಾಗಿರಬಹುದು. ತಡಮಾಡಿದರೆ ದೃಷ್ಟಿಯೇ ಹೋಗುವ ಕಾಯಿಲೆ ಇದು. ರಕ್ತಪರೀಕ್ಷೆಗೆ ಕೊಟ್ಟು, ಬಯಾಪ್ಸಿಗೆ ಕಾಯದೆ ಸ್ಟೀರಾಯ್ಡ್ ಶುರು ಮಾಡುತ್ತಾರೆ. ಮುಖ ಜೋಮು ಹಿಡಿಯುವುದು, ಊತ, ಕಾರಣವಿಲ್ಲದೆ ತೂಕ ಇಳಿಯುವುದು ಗೆಡ್ಡೆಯ ಶೋಧಕ್ಕೆ ಸೂಚನೆ.

ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕದಲ್ಲಿ ಬಾಯಿ ತೆರೆಯದವರ ಕೀಲನ್ನು ಮುಟ್ಟುವ ಮೊದಲು ಕೆನ್ನೆಯ ಒಳಭಾಗ ನೋಡಬೇಕು. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಬಾಯಿಯ ಒಳಪದರ ಬಿಳಿಚಿ, ನಾರುಗಟ್ಟಿ, ಬಿಗಿಯುತ್ತ ಹೋಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆ ಇದೆ. ಖಾರ ತಾಗಿದರೆ ಉರಿ, ಕೆನ್ನೆಯೊಳಗೆ ಬೆರಳಿಗೆ ಸಿಗುವ ಗಟ್ಟಿ ಪಟ್ಟಿಗಳು ಇದರ ಲಕ್ಷಣ. ಕೀಲು ಚೆನ್ನಾಗಿಯೇ ಇರುತ್ತದೆ. ಬಾಯಿ ಮಾತ್ರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಇದು ಕ್ಯಾನ್ಸರಿಗೆ ತಿರುಗಬಲ್ಲದ್ದಾದ್ದರಿಂದ ದವಡೆ ನೋವೆಂದು ಮುಲಾಮು ಕೊಟ್ಟು ಕಳಿಸುವಂತಿಲ್ಲ.

ಪರೀಕ್ಷೆಯ ಇನ್ನೊಂದು ಭಾಗ ದವಡೆಯ ಆಚೆಗಿನದು: ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯೇ, ಬೆನ್ನು, ಹೊಟ್ಟೆ, ತಲೆ ಎಂದು ಬೇರೆಡೆಯೂ ನೋವಿದೆಯೇ. ನೋವು ಕಲ್ಪನೆ ಎಂಬ ಗುಮಾನಿಯಿಂದ ಕೇಳುವ ಪ್ರಶ್ನೆಗಳಲ್ಲ ಇವು. ಅಮೆರಿಕದಲ್ಲಿ ನಡೆದ ಒಪ್ಪೆರಾ ಎಂಬ ಅಧ್ಯಯನದಲ್ಲಿ ದವಡೆನೋವಿಲ್ಲದ ಎರಡೂವರೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ವರ್ಷಗಳ ಕಾಲ ಹಿಂಬಾಲಿಸಲಾಯಿತು. ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರಿಗೆ ನೋವು ಹೊಸದಾಗಿ ಶುರುವಾಯಿತು. ಯಾರಿಗೆ ಬರುತ್ತದೆಂಬ ಮುನ್ಸೂಚನೆ ಹೆಚ್ಚಾಗಿ ಸಿಕ್ಕಿದ್ದು ದೇಹದ ಇತರ ಉಪದ್ರವಗಳಲ್ಲಿ ಮತ್ತು ಕೆಟ್ಟ ನಿದ್ದೆಯಲ್ಲಿ. ಚಿಕಿತ್ಸೆಗೆ ಬರುವವರಲ್ಲಿ ಹೆಂಗಸರೇ ಹೆಚ್ಚು. ಬಹುಪಾಲು ಇಪ್ಪತ್ತರಿಂದ ನಲವತ್ತರ ವಯಸ್ಸಿನವರು.

ಹೆಚ್ಚಿನವರ ನೋವು ಸರಳ ಉಪಾಯಗಳಿಗೆ ಬಗ್ಗುತ್ತದೆ: ಕೆಲವು ವಾರ ಮೆತ್ತಗಿನ ಊಟ, ಬಿಸಿ ಶಾಖ, ಬೇಕಾದರೆ ಸ್ವಲ್ಪ ದಿನ ನೋವಿನ ಮಾತ್ರೆ, ಹಲ್ಲು ಕಚ್ಚದಿರುವ ಅಭ್ಯಾಸ. ದೀರ್ಘಕಾಲದ ನೋವಿಗೆ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ದವಡೆಯ ವ್ಯಾಯಾಮ, ಕೈಯಿಂದ ಮಾಡುವ ಫಿಸಿಯೋಥೆರಪಿ ಮತ್ತು ವರ್ತನ ಚಿಕಿತ್ಸೆಗೆ ಒತ್ತು ಕೊಟ್ಟಿತು. ಕಚ್ಚನ್ನು ಖಾಯಮ್ಮಾಗಿ ಬದಲಿಸುವ ಚಿಕಿತ್ಸೆ ಬೇಡವೆಂದಿತು. ಈ ಎಚ್ಚರಿಕೆಯ ಹಿಂದೆ ಕಹಿ ಅನುಭವವಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಾರು ಜನರ ಕೀಲಿಗೆ ಟೆಫ್ಲಾನ್ ಪದರದ ಕೃತಕ ಡಿಸ್ಕು ಹಾಕಲಾಗಿತ್ತು. ಅಗಿಯುವ ಒತ್ತಡಕ್ಕೆ ಅದು ಪುಡಿಯಾಗಿ ಸುತ್ತಲಿನ ಮೂಳೆಯನ್ನೇ ತಿನ್ನಿತು. 1990ರ ದಶಕದ ಆರಂಭದಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಸುವಷ್ಟರಲ್ಲಿ ಅನೇಕರಿಗೆ ಮೊದಲಿಗಿಂತ ಹೆಚ್ಚಿನ ನೋವು ಗಂಟುಬಿದ್ದಿತ್ತು.

ಶಸ್ತ್ರಚಿಕಿತ್ಸೆ ಈಗ ಉಳಿದಿರುವುದು ಆಯ್ದ ಪ್ರಸಂಗಗಳಿಗೆ: ಗೆಡ್ಡೆ, ತೀರಾ ಸವೆದ ಕೀಲು, ಮೂಳೆಗೆ ಮೂಳೆ ಬೆಸೆದುಕೊಂಡ ದವಡೆ. ಕೊನೆಯದು ಹೆಚ್ಚಾಗಿ ಚಿಕ್ಕಂದಿನಲ್ಲಿ ಗಲ್ಲದ ಮೇಲೆ ಬಿದ್ದು ಗುಂಡುತಲೆ ಮುರಿದದ್ದು ಯಾರ ಗಮನಕ್ಕೂ ಬರದೆ ಹೋದಾಗ ಆಗುವುದು. ಆ ವಯಸ್ಸಿನಲ್ಲಿ ದವಡೆ ಬೆಳೆಯುವ ತಾಣಗಳಲ್ಲಿ ಗುಂಡುತಲೆಯೂ ಒಂದಾದ್ದರಿಂದ ಮುಖದ ಒಂದು ಪಕ್ಕವೇ ಗಿಡ್ಡವಾಗುತ್ತದೆ. ಗಲ್ಲಕ್ಕೆ ಹೊಲಿಗೆ ಹಾಕಿಸಿಕೊಂಡ ಮಗುವಿನ ಬಾಯಿ ಎಷ್ಟು ತೆರೆಯುತ್ತದೆ ಎಂದು ಮುಂದಿನ ತಿಂಗಳುಗಳಲ್ಲೂ ಅಳೆದು ನೋಡುವುದು ಇದೇ ಕಾರಣಕ್ಕೆ.