ಒದ್ದೆ ಕೆಲಸ, ಕೆಡುವ ಉಗುರು: ಮಾಲೀಕರು ಗಮನಿಸಬೇಕಾದದ್ದು



ಹಾಲು ಒಡೆದರೆ, ಹಿಟ್ಟು ಹುಳಿ ಬಂದರೆ ನಮಗೆ ಕೂಡಲೇ ಗೊತ್ತಾಗುತ್ತದೆ. ಆದರೆ ಪಾತ್ರೆ ತೊಳೆಯುವವನ, ಹಿಟ್ಟು ರುಬ್ಬುವವನ ಉಗುರು ಕೆಟ್ಟಿರುವುದು ತಿಂಗಳುಗಟ್ಟಲೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೆಲಸ ಹೋದೀತೆಂಬ ಹೆದರಿಕೆಯಿಂದ ಅವರು ಅದನ್ನು ಮುಚ್ಚಿಡುತ್ತಾರೆ. ಹೀಗೆ ಮುಚ್ಚಿಟ್ಟಷ್ಟೂ ರೋಗ ಬೇರೂರುತ್ತದೆ.

ಉಗುರು ಹಳದಿಗಟ್ಟಿ ದಪ್ಪವಾಗುವುದು, ತುದಿ ಪುಡಿಯಾಗುವುದು, ಅಡಿಯಲ್ಲಿ ಹೊಟ್ಟಿನಂಥ ಕಸ ಸೇರುವುದು ಫಂಗಸ್ ಸೋಂಕಿನ ಲಕ್ಷಣ. ಕಾಲಿನಲ್ಲಿ ಇದು ಹೆಚ್ಚಾಗಿ ಹೆಬ್ಬೆರಳಿಗೆ ಬರುತ್ತದೆ. ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಸುಲಿದು ತುರಿಸುವ ಸೋಂಕೇ ಎಷ್ಟೋ ಸಲ ಉಗುರಿಗೆ ದಾಟುತ್ತದೆ. ದಿನವಿಡೀ ಸೋಪಿನ ನೀರಿನಲ್ಲಿರುವ ಕೈಗಳ ಕಥೆ ಬೇರೆ. ಅಲ್ಲಿ ಉಗುರಿನ ಬುಡದ ಚರ್ಮ ಸಡಿಲಗೊಂಡು ಊದಿಕೊಳ್ಳುತ್ತದೆ, ಅದರೊಳಗೆ ಕ್ಯಾಂಡಿಡಾ ಎಂಬ ಫಂಗಸ್ ಮತ್ತು ಬ್ಯಾಕ್ಟೀರಿಯಾಗಳು ಸೇರಿಕೊಳ್ಳುತ್ತವೆ.

ಕೆಟ್ಟ ಉಗುರೆಲ್ಲ ಫಂಗಸ್ ಅಲ್ಲ. ಪೆಟ್ಟು ಬಿದ್ದರೂ, ಸೋರಿಯಾಸಿಸ್ ಇದ್ದರೂ ಉಗುರು ಹೀಗೆಯೇ ಕಾಣಬಹುದು. ಆದ್ದರಿಂದ ಚರ್ಮವೈದ್ಯರಲ್ಲಿ ಉಗುರು ಕೆರೆದು ಪರೀಕ್ಷೆ ಮಾಡಿಸುವುದೇ ಮೊದಲ ಹೆಜ್ಜೆ. ಮೆಡಿಕಲ್ ಅಂಗಡಿಯವರು ಕೊಡುವ ಸ್ಟಿರಾಯ್ಡ್ ಬೆರೆತ ಮುಲಾಮಿನಿಂದ ತುರಿಕೆ ತಗ್ಗಬಹುದು, ಆದರೆ ಫಂಗಸ್ ಹರಡುತ್ತದೆ.

ಸಾಮಾನ್ಯ ಮುಲಾಮು ಉಗುರಿನೊಳಗೆ ಇಳಿಯುವುದಿಲ್ಲ. ಸೋಂಕು ತುದಿಯಲ್ಲಷ್ಟೇ ಇದ್ದರೆ ವೈದ್ಯರು ಉಗುರಿಗೆ ಹಚ್ಚುವ ಅಮೊರೊಲ್ಫಿನ್ ಲ್ಯಾಕರ್ ಬರೆದುಕೊಡಬಹುದು. ಹೆಚ್ಚಾಗಿದ್ದರೆ ಮಾತ್ರೆಯೇ ಬೇಕು. ಟರ್ಬಿನಾಫಿನ್ ಮಾತ್ರೆಯನ್ನು ಸಾಮಾನ್ಯವಾಗಿ ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ ಕೊಡುತ್ತಾರೆ. ಕ್ಯಾಂಡಿಡಾ ಇದ್ದರೆ ಇಟ್ರಕೊನಜೋಲ್‌ನಂಥ ಬೇರೆ ಔಷಧಿ ಬೇಕಾಗಬಹುದು. ಮಾತ್ರೆಗೆ ಮೊದಲು ಯಕೃತ್ತಿನ ರಕ್ತಪರೀಕ್ಷೆ ಮಾಡಿಸುವುದು ವಾಡಿಕೆ. ಕುಡಿತದ ಅಭ್ಯಾಸ, ಹೃದಯದ ತೊಂದರೆ, ನಿತ್ಯ ನುಂಗುವ ಆಸಿಡಿಟಿ ಮಾತ್ರೆ ಇವನ್ನೆಲ್ಲ ವೈದ್ಯರಿಗೆ ಹೇಳಲೇಬೇಕು. ಒಬ್ಬನಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬ ನುಂಗಬಾರದು.

ಮಾತ್ರೆ ಮುಗಿದ ದಿನವೇ ಉಗುರು ಸರಿಹೋಗುವುದಿಲ್ಲ. ಕೈಯುಗುರು ಪೂರ್ತಿ ಹೊಸದಾಗಿ ಬರಲು ಸುಮಾರು 6 ತಿಂಗಳು, ಕಾಲಿನ ಹೆಬ್ಬೆರಳಿಗೆ 12ರಿಂದ 18 ತಿಂಗಳು ಬೇಕು. "ಗುಣವಾಗಲಿಲ್ಲ" ಎಂದು ಔಷಧಿಯನ್ನು ನಡುವೆ ಬಿಡುವವರೇ ಹೆಚ್ಚು. ಬುಡದಿಂದ ಶುಭ್ರವಾದ ಉಗುರು ಬರುತ್ತಿದ್ದರೆ ಔಷಧಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಸೋಂಕು ಮರುಕಳಿಸದಂತೆ ತಡೆಯುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ:

* ಪಾತ್ರೆ ತೊಳೆಯುವವರಿಗೆ ರಬ್ಬರ್ ಗ್ಲೌಸ್, ಅದರೊಳಗೆ ಹತ್ತಿಯ ಗ್ಲೌಸ್ ಕೊಡಿ. ಒಳಗೆ ಒದ್ದೆಯಾದರೆ ಬದಲಿಸಲಿ.
* ಗಂಬೂಟು ತಲಾ ಎರಡು ಜೊತೆ ಇರಲಿ. ಒಂದನ್ನು ಹಾಕಿಕೊಂಡಾಗ ಇನ್ನೊಂದು ಒಣಗಲಿ.
* ಮೋರಿಯ ನೀರು ನಿಲ್ಲದಂತೆ ನೋಡಿಕೊಳ್ಳಿ. ಪಾಳಿ ಬದಲಿಸಿ ಕೈ ಒಣಗಲು ಬಿಡುವು ಕೊಡಿ.
* ಕೆಲಸಗಾರರ ರೂಮಿನಲ್ಲಿ ಟವೆಲ್, ಚಪ್ಪಲಿ, ನೇಲ್ ಕಟರ್ ಪ್ರತಿಯೊಬ್ಬರಿಗೂ ಬೇರೆ ಇರಲಿ.
* ಸ್ನಾನದ ನಂತರ ಬೆರಳ ಸಂದಿ ಒರೆಸಲಿ. ಅಲ್ಲಿ ತುರಿಕೆ ಕಂಡರೆ ತಡಮಾಡದೆ ಚಿಕಿತ್ಸೆ ಆಗಲಿ.

2011ರ ಆಹಾರ ಸುರಕ್ಷತಾ ನಿಯಮಾವಳಿಯ ಶೆಡ್ಯೂಲ್ 4ರಂತೆ ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಚರ್ಮದ ಪರೀಕ್ಷೆಯೂ ಅದರಲ್ಲಿ ಸೇರಿದೆ. ಬರೀ ಸರ್ಟಿಫಿಕೇಟಿಗಾಗಿ ಸಾಲಾಗಿ ನಿಲ್ಲಿಸಿ ಮುಗಿಸದೆ, ಅಂದು ಕೈಕಾಲಿನ ಉಗುರನ್ನೂ ತೋರಿಸಲು ಹೇಳೋಣ.

ಕೈಯುಗುರಿಗೆ ಸೋಂಕು ತಗಲಿದವನನ್ನು ಗುಣವಾಗುವ ತನಕ ಅಡುಗೆ ಮತ್ತು ಮೋರಿಯಿಂದ ದೂರವಿಟ್ಟು, ಕೂಪನ್ ಕೌಂಟರಿಗೋ ಸ್ಟೋರಿನ ಲೆಕ್ಕಕ್ಕೋ ಹಾಕಬಹುದು. ಸಂಬಳ ಕಡಿಯಬಾರದು. ಹೇಳಿಕೊಂಡರೆ ಕೆಲಸ ಹೋಗುವುದಿಲ್ಲ ಎಂಬ ನಂಬಿಕೆ ಒಮ್ಮೆ ಬಂದರೆ, ಮುಂದಿನವನು ಉಗುರು ಕೆಡುವ ಮೊದಲೇ ಗಲ್ಲೆಯ ಹತ್ತಿರ ಬಂದು ಕೈ ತೋರಿಸುತ್ತಾನೆ.